ರಾಕೆಟ್ ಇದ್ದೂ ನಾವು ಸೋತದ್ದೇಕೆ? – ಹೊನ್ನಾವರದ ಮುತ್ತಿಗೆಯ ಕಥೆ



ಕಳೆದ ತಿಂಗಳು ಒಂದು ಶುಕ್ರವಾರ, ಜುಮುಅ ನಮಾಝ್ ಮುಗಿದು ಜನ ಚಪ್ಪಲಿ ಹುಡುಕುತ್ತಿದ್ದ ಹೊತ್ತಿನಲ್ಲಿ, ಹೈಸ್ಕೂಲಿಗೆ ಹೋಗುವ ಒಬ್ಬ ಹುಡುಗ ನಮ್ಮ ಬಳಿ ಬಂದು ನಿಂತ. ಕೈಯಲ್ಲಿದ್ದ ಮೊಬೈಲಿನಲ್ಲಿ ಟಿಪ್ಪು ಸುಲ್ತಾನರ ರಾಕೆಟ್ ಬಗ್ಗೆ ಯಾರೋ ಮಾಡಿದ ವೀಡಿಯೊ. ನಗಾರಿ ಬಾರಿಸುತ್ತಿತ್ತು, ಆಕಾಶವೆಲ್ಲ ಬೆಂಕಿ. ಅದನ್ನು ತೋರಿಸಿ ಅವನು ಕೇಳಿದ: "ಮೌಲಾನಾ, ಇಷ್ಟು ದೊಡ್ಡ ಆಯುಧ ನಮ್ಮ ಕೈಯಲ್ಲಿತ್ತಲ್ಲ, ಹಾಗಿದ್ದರೆ ನಾವು ಸೋತದ್ದು ಹೇಗೆ?"

ಪಕ್ಕದಲ್ಲಿದ್ದ ಹಿರಿಯರೊಬ್ಬರು "ಒಳಗಿನವರ ಮೋಸದಿಂದ ಸೋತರು, ಅಷ್ಟೇ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಹುಡುಗನಿಗೆ ಸಮಾಧಾನ ಆಗಲಿಲ್ಲ. ನಿಜ ಹೇಳಬೇಕೆಂದರೆ ನಮಗೂ ಆಗಲಿಲ್ಲ. ಖುತ್ಬಾದ ಹದಿನೈದು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯವೂ ಇದಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ. ಇದಕ್ಕೆ ಶ್ರೀರಂಗಪಟ್ಟಣದವರೆಗೆ ಹೋಗುವುದೂ ಬೇಡ. ನಮ್ಮ ಹೊನ್ನಾವರದಲ್ಲೇ, ಶರಾವತಿ ಕಡಲು ಸೇರುವ ಕಡೆಯಲ್ಲೇ ಇದರ ಉತ್ತರದ ಬಹುಪಾಲು ಇದೆ.

ಕೋವಿಗಿಂತ ಮುಂಚಿನ ಕರಾವಳಿ

ಸುಮಾರು 1342ರಲ್ಲಿ ಪ್ರವಾಸಿ ಇಬ್ನ್ ಬತೂತ ಹೊನ್ನಾವರಕ್ಕೆ ಬಂದಿದ್ದರು. ಇಲ್ಲಿ ಹುಡುಗರಿಗೆ 23 ಮತ್ತು ಹುಡುಗಿಯರಿಗೆ 13 ಮದ್ರಸಗಳಿದ್ದವು ಎಂದು ಅವರು ಬರೆದಿರುವುದನ್ನು ನಾವು ಆಗಾಗ ಹೆಮ್ಮೆಯಿಂದ ನೆನೆಯುತ್ತೇವೆ. ಅದೇ ಬರಹದಲ್ಲಿ ಯುದ್ಧದ ಮಾತೂ ಇದೆ. ಹೊನ್ನಾವರದ ಸುಲ್ತಾನ್ ಜಮಾಲುದ್ದೀನ್ 52 ಹಡಗುಗಳೊಂದಿಗೆ ಗೋವಾದ ಮೇಲೆ ದಂಡೆತ್ತಿ ಹೋದರು. ಎದುರಿನವರು ದಡದಲ್ಲಿ ಮಂಜನೀಕ್, ಅಂದರೆ ಕಲ್ಲೆಸೆಯುವ ಯಂತ್ರಗಳನ್ನು ನಿಲ್ಲಿಸಿದ್ದರು. ಆಗ ಈ ಕಡಲಲ್ಲಿ ಹಡಗಿನ ಫಿರಂಗಿಯ ಸದ್ದು ಇರಲಿಲ್ಲ. ತೋಳಿನ ಬಲ, ಕತ್ತಿ, ಬಿಲ್ಲು, ಎಸೆಯುವ ಕಲ್ಲು – ಇಷ್ಟೇ.

ನೂರ ಅರವತ್ತು ವರ್ಷಗಳ ನಂತರ ಚಿತ್ರ ಬದಲಾಯಿತು. 1502ರಲ್ಲಿ ವಾಸ್ಕೋ ಡ ಗಾಮಾನ ಹಡಗುಗಳು ಭಟ್ಕಳದ ಮುಂದೆ ನಿಂತವು. ಅರಬ್ ಕುದುರೆಗಳು ಇಳಿದು ವಿಜಯನಗರಕ್ಕೆ ಹೋಗುತ್ತಿದ್ದ ಶ್ರೀಮಂತ ಬಂದರು ಅದು. ಹಡಗಿನ ಫಿರಂಗಿಗಳ ಮುಂದೆ ಭಟ್ಕಳ ಅಕ್ಕಿಯ ಕಪ್ಪ ಕೊಡಲು ಒಪ್ಪಬೇಕಾಯಿತು. 1542ರಲ್ಲಿ ಪೋರ್ಚುಗೀಸ್ ಗವರ್ನರ್ ಮಾರ್ಟಿಮ್ ಅಫೊನ್ಸೊ ಡಿ ಸೋಜಾ ಬಂದು ಊರನ್ನೇ ಸೂರೆ ಮಾಡಿದ. 1569ರಲ್ಲಿ ಹೊನ್ನಾವರವೂ ಅವರ ಕೈಗೆ ಹೋಯಿತು. ಧೈರ್ಯ ಇಲ್ಲದ್ದಕ್ಕೆ ನಮ್ಮ ಹಿರಿಯರು ಸೋತರೆಂದು ಹೇಳಲಾಗದು. ಕಡಲಿನ ಮೇಲೆ ಮದ್ದುಗುಂಡನ್ನು ಚೆನ್ನಾಗಿ ಬಳಸಲು ಕಲಿತವನು ದಡದ ಬಂದರನ್ನೂ ಆಳುತ್ತಾನೆ ಎಂಬ ಕಾಲ ಬಂದಿತ್ತು.

ಒಂದು ಗುಂಡು ಹಾರಿಸಲು ಎಷ್ಟು ಕೆಲಸ?

ನಮ್ಮ ತಾಲೂಕುಗಳ ತೋಟದ ಮನೆಗಳಲ್ಲಿ ಹಂದಿ, ಮಂಗ ಓಡಿಸಲು ಇಟ್ಟ ಕೇಪಿನ ಕೋವಿಯನ್ನು ಹಿರಿಯರು ನೋಡಿರುತ್ತಾರೆ. ಅದಕ್ಕೂ ಹಿಂದಿನದು ಚಕಮಕಿ ಕಲ್ಲಿನ ಕೋವಿ. 18ನೇ ಶತಮಾನದ ಯುದ್ಧಗಳೆಲ್ಲ ಹೆಚ್ಚಾಗಿ ಅದರಲ್ಲೇ ನಡೆದವು. ಅದನ್ನೇ ಮಸ್ಕೆಟ್ ಎನ್ನುವುದು. ಸುಮಾರು ನಾಲ್ಕೂವರೆ ಕಿಲೋ ತೂಕ. ಸಿಪಾಯಿ ಕಾಗದದ ತೋಟಾವನ್ನು ಹಲ್ಲಿನಿಂದ ಹರಿಯಬೇಕು, ಸ್ವಲ್ಪ ಮದ್ದನ್ನು ಕಿವಿಯ ಬಟ್ಟಲಿಗೆ ಸುರಿಯಬೇಕು, ಉಳಿದದ್ದನ್ನು ನಳಿಗೆಗೆ ಹಾಕಬೇಕು, ಸೀಸದ ಗುಂಡನ್ನೂ ಕಾಗದವನ್ನೂ ಕಬ್ಬಿಣದ ಸಲಾಕೆಯಿಂದ ಗಿಡಿಯಬೇಕು, ಸಲಾಕೆ ತೆಗೆದು ಸ್ವಸ್ಥಾನದಲ್ಲಿ ಇಡಬೇಕು, ಆಮೇಲೆ ಎತ್ತಿ ಹಾರಿಸಬೇಕು. ಚೆನ್ನಾಗಿ ಪಳಗಿದವನೂ ನಿಮಿಷಕ್ಕೆ ಎರಡು ಮೂರು ಬಾರಿ ಹಾರಿಸಬಲ್ಲ, ಅಷ್ಟೇ. ನಳಿಗೆಯ ಒಳಗೆ ನುಣುಪು. ಗುಂಡು ಅದರೊಳಗೆ ಸಡಿಲವಾಗಿರುತ್ತದೆ. ನೂರು ಹೆಜ್ಜೆ ದಾಟಿದರೆ ಒಬ್ಬನನ್ನೇ ಗುರಿಯಿಟ್ಟು ಹೊಡೆಯುವುದು ಹೆಚ್ಚಾಗಿ ಅದೃಷ್ಟದ ಮಾತು.

ಹಾಗಾದರೆ ಇಂಥ ಕೋವಿಯಿಂದ ರಾಜ್ಯಗಳನ್ನು ಗೆದ್ದದ್ದು ಹೇಗೆ? ಸಾಲಿನಿಂದ. ನೂರಾರು ಜನ ಭುಜಕ್ಕೆ ಭುಜ ತಾಗಿಸಿ ಎರಡು ಮೂರು ಸಾಲಾಗಿ ನಿಂತು, ಒಬ್ಬ ಅಧಿಕಾರಿಯ ಒಂದೇ ಕೂಗಿಗೆ ಒಟ್ಟಿಗೆ ಹಾರಿಸುತ್ತಿದ್ದರು. ಒಂದು ಕೋವಿ ಗುರಿ ತಪ್ಪಬಹುದು; ಮುನ್ನೂರು ಕೋವಿ ಒಟ್ಟಿಗೆ ಸಿಡಿದರೆ ಎದುರಿನ ಕುದುರೆ ಸೈನ್ಯ ಮುರಿಯುತ್ತಿತ್ತು. ಕೋವಿಯ ತುದಿಗೆ ಚೂರಿ ಸಿಕ್ಕಿಸಿದರೆ ಅದೇ ಭರ್ಜಿ. ಗುಂಡು ತನ್ನ ಮೇಲೆ ಬರುತ್ತಿರುವಾಗಲೂ ಸಾಲು ಬಿಡದೆ, ಕೈ ನಡುಗದೆ ಮತ್ತೆ ಮದ್ದು ತುಂಬುವವನೇ ಸಿಪಾಯಿ. ಇದು ಹುಟ್ಟುಗುಣದಿಂದ ಬರುವುದಿಲ್ಲ. ದಿನವೂ ಕವಾಯತು ಬೇಕು, ತಿಂಗಳಿಗೆ ಸರಿಯಾಗಿ ಸಂಬಳ ಬೇಕು, ಹೊಟ್ಟೆಗೆ ಊಟ ಬೇಕು.

ನಳಿಗೆಯ ಒಳಗೆ ಸುರುಳಿ ಗೆರೆ ಕೊರೆದು, ಗುಂಡು ತಿರುಗುತ್ತಾ ನೇರ ಹೋಗುವಂತೆ ಮಾಡಿದ ರೈಫಲ್ ಆಗಲೂ ಇತ್ತು. ಆದರೆ ತುಂಬಲು ಬಹಳ ಹೊತ್ತು ಬೇಕಾಗಿದ್ದರಿಂದ ಸಾಮಾನ್ಯ ಸಿಪಾಯಿಯ ಕೈಗೆ ಅದು ಬಂದದ್ದು 1850ರ ದಶಕದಲ್ಲಿ. 1857ರ ದಂಗೆಗೆ ಕಿಡಿಯಾದ ಕೊಬ್ಬು ಸವರಿದ ತೋಟಾ ಇದೇ ಎನ್‌ಫೀಲ್ಡ್ ರೈಫಲ್ಲಿನದು. ನಾವು ಹೇಳಹೊರಟಿರುವುದು ಅದಕ್ಕಿಂತ ಮುಂಚಿನ ಕಥೆ.

ಮೈಸೂರು ಕಲಿತದ್ದು

1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದರು. ಇಂದಿನ ಹೊಸನಗರ ತಾಲೂಕಿನ ನಗರವೇ ಆ ಬಿದನೂರು. ಅದರೊಂದಿಗೆ ಘಟ್ಟದ ಕೆಳಗಿನ ಭಟ್ಕಳ, ಹೊನ್ನಾವರ, ಕುಮಟಾ ಬಂದರುಗಳೂ ಮೈಸೂರಿಗೆ ಸೇರಿದವು. ಹೈದರ್ ಓದುಬರಹ ಬಲ್ಲವರಲ್ಲ. ಆದರೆ ಕಲಿಯುವ ವಿಷಯದಲ್ಲಿ ಅವರಿಗೆ ಸಂಕೋಚ ಇರಲಿಲ್ಲ. ಫ್ರೆಂಚರನ್ನು ಸಂಬಳಕ್ಕೆ ಇಟ್ಟುಕೊಂಡು ಚಕಮಕಿ ಕೋವಿಯ ಕಾಲಾಳುಗಳಿಗೆ ಕವಾಯತು ಕಲಿಸಿದರು. ಪ್ರವಾದಿ(ಸ)ರು ಕಂದಕ ಯುದ್ಧದಲ್ಲಿ ಸಲ್ಮಾನ್ ಫಾರಿಸಿ(ರ)ಯವರು ಹೇಳಿದ ಪರ್ಷಿಯಾದ ಉಪಾಯವನ್ನು ಹಿಂದೆಮುಂದೆ ನೋಡದೆ ಒಪ್ಪಿ ಮದೀನದ ಸುತ್ತ ಕಂದಕ ತೋಡಿಸಿದ್ದು ನಮಗೆ ಗೊತ್ತೇ ಇದೆ. ಒಳ್ಳೆಯ ವಿದ್ಯೆ ಯಾರಲ್ಲಿದ್ದರೂ ಅದನ್ನು ಕಲಿಯಬೇಕು ಎಂಬುದಕ್ಕೆ ಅದಕ್ಕಿಂತ ದೊಡ್ಡ ಆಧಾರ ಬೇಕಿಲ್ಲ.

ಟಿಪ್ಪು ಸುಲ್ತಾನ್ ಇನ್ನೂ ಮುಂದೆ ಹೋದರು. ಝೈನುಲ್ ಆಬಿದೀನ್ ಶುಶ್ತರಿಯವರಿಂದ 'ಫತ್ಹುಲ್ ಮುಜಾಹಿದೀನ್' ಎಂಬ ಸೈನಿಕ ಕೈಪಿಡಿ ಬರೆಸಿದರು. ಸಾಲು ಕಟ್ಟುವುದು, ತಿರುಗುವುದು, ಹಾರಿಸುವುದು, ರಾಕೆಟ್ ಬಿಡುವುದು ಎಲ್ಲಕ್ಕೂ ಅದರಲ್ಲಿ ಕ್ರಮ ಇದೆ. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ಬಿದನೂರುಗಳಲ್ಲಿ 'ತಾರಾಮಂಡಲ ಪೇಟೆ'ಗಳೆಂಬ ಕಾರ್ಖಾನೆಗಳಿದ್ದವು.

ರಾಕೆಟ್ಟಿನ ಗುಟ್ಟು ಅದರ ಕಬ್ಬಿಣದ ಕೊಳವೆಯಲ್ಲಿತ್ತು. ಬಿದಿರು ಅಥವಾ ಕಾಗದದ ಬಾಣ ಹೆಚ್ಚು ಮದ್ದು ತಡೆಯದೆ ಒಡೆಯುತ್ತದೆ. ಕಬ್ಬಿಣದ ಕೊಳವೆಯಲ್ಲಿ ಮದ್ದನ್ನು ಒತ್ತಿ ತುಂಬಿದರೆ ಒಳಗಿನ ಹೊಗೆ ಹಿಂದಿನ ಸಣ್ಣ ತೂತಿನಿಂದ ಭಾರಿ ಒತ್ತಡದಲ್ಲಿ ಹೊರಬಂದು ಕೊಳವೆಯನ್ನು ದೂರಕ್ಕೆ ತಳ್ಳುತ್ತದೆ. ಕೊಳವೆಗೆ ಉದ್ದನೆಯ ಬಿದಿರು ಕೋಲು, ಕೆಲವೊಮ್ಮೆ ಕತ್ತಿಯ ಅಲಗು ಕಟ್ಟುತ್ತಿದ್ದರು. ಫಿರಂಗಿ ಎಳೆಯಲು ಎತ್ತುಗಳ ಸಾಲು ಬೇಕು, ರಸ್ತೆ ಬೇಕು. ರಾಕೆಟ್ಟನ್ನು ಒಬ್ಬ ಮನುಷ್ಯ ಹೆಗಲ ಮೇಲೆ ಹೊತ್ತು ಕಾಡಿನಲ್ಲೂ ಹೋಗಬಲ್ಲ. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಇಂಗ್ಲಿಷ್ ದಳ ಪೂರ್ತಿ ನಾಶವಾಯಿತು. ಅವರ ಮದ್ದಿನ ಬಂಡಿಗಳು ಸಿಡಿದದ್ದು ಅದಕ್ಕೆ ದೊಡ್ಡ ಕಾರಣ. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಗೋಡೆಯ ಮೇಲೆ ಆ ಚಿತ್ರವನ್ನು ಇಂದಿಗೂ ನೋಡಬಹುದು.

ಆದರೆ ರಾಕೆಟ್ಟಿಗೆ ಒಂದು ಕೊರತೆಯೂ ಇತ್ತು. ಅದು ಎಲ್ಲಿ ಬೀಳುತ್ತದೆಂದು ಬಿಟ್ಟವನಿಗೂ ಖಾತ್ರಿ ಇರಲಿಲ್ಲ. ಕುದುರೆ, ಎತ್ತುಗಳನ್ನು ಬೆದರಿಸಲು, ರಾತ್ರಿ ಹೊತ್ತು ಸಾಲು ಒಡೆಯಲು ಅದಕ್ಕೆ ಸಾಟಿ ಇಲ್ಲ. ಕೋಟೆಯ ಗೋಡೆ ಕೆಡವಲು ಅದು ಸಾಲದು.

1783, ಹೊನ್ನಾವರ

1782ರ ಡಿಸೆಂಬರ್ 7ರಂದು ಹೈದರ್ ಅಲಿ ತೀರಿಕೊಂಡರು. ಟಿಪ್ಪು ದೂರದಲ್ಲಿದ್ದರು. ಇದೇ ಸಮಯವೆಂದು ಮುಂಬೈಯ ಇಂಗ್ಲಿಷರು ಜನರಲ್ ಮ್ಯಾಥ್ಯೂಸ್ ಎಂಬವನ ಕೈಯಲ್ಲಿ ಸೈನ್ಯ ಕೊಟ್ಟು ನಮ್ಮ ತೀರದಲ್ಲಿ ಇಳಿಸಿದರು. ಮಿರ್ಜಾನ್, ಕುಮಟಾ ಕಡೆಯಿಂದ ಬಂದ ಆ ಸೈನ್ಯ 1783ರ ಜನವರಿಯಲ್ಲಿ ಹೊನ್ನಾವರದ ಕೋಟೆಯನ್ನು ನುಗ್ಗಿ ಹಿಡಿಯಿತು. ಅಲ್ಲಿಂದ ಕುಂದಾಪುರ, ಹೊಸಂಗಡಿ ಘಟ್ಟ ಹತ್ತಿ ಬಿದನೂರಿಗೆ ಹೋಯಿತು. ಬಿದನೂರಿನ ಅಧಿಕಾರಿ ಶೇಖ್ ಅಯಾಝ್ ಖಾನ್ ಯುದ್ಧವನ್ನೇ ಮಾಡದೆ ಕೋಟೆ ಬಿಟ್ಟುಕೊಟ್ಟ. ಹೈದರ್ ಸಾಕಿ ಬೆಳೆಸಿದ ವ್ಯಕ್ತಿ ಅವನು. ಆದರೆ ಅವನಿಗೂ ಟಿಪ್ಪುವಿಗೂ ಸರಿಬರುತ್ತಿರಲಿಲ್ಲ. ಅಲ್ಲಿ ಕೋವಿಯೂ ಇತ್ತು, ಮದ್ದೂ ಇತ್ತು. ಇಲ್ಲದ್ದು ಪರಸ್ಪರ ನಂಬಿಕೆ.

ಟಿಪ್ಪು ವೇಗವಾಗಿ ಮರಳಿ ಬಂದರು. ಅವರು ಮೊದಲು ಮಾಡಿದ್ದು ಘಟ್ಟದ ದಾರಿಗಳನ್ನು ಹಿಡಿದದ್ದು. ಕಡಲಿನಿಂದ ಮೇಲೆ ಅಕ್ಕಿ, ಮದ್ದು ಹೋಗುವುದು ನಿಂತಿತು. ಏಪ್ರಿಲ್ ಕೊನೆಯಲ್ಲಿ ಮ್ಯಾಥ್ಯೂಸ್ ಶರಣಾದ. ಮೂರು ತಿಂಗಳ ಹಿಂದೆ ಸುಲಭವಾಗಿ ಸಿಕ್ಕಿದ್ದು ಅಷ್ಟೇ ಬೇಗ ಹೋಯಿತು.

ಇನ್ನು ಕರಾವಳಿಯಲ್ಲಿ ಇಂಗ್ಲಿಷರ ಕೈಯಲ್ಲಿ ಉಳಿದ ಮುಖ್ಯ ಕೋಟೆಗಳು ಮಂಗಳೂರು ಮತ್ತು ಹೊನ್ನಾವರ. ಮಂಗಳೂರಿನಲ್ಲಿ ಕರ್ನಲ್ ಕ್ಯಾಂಪ್‌ಬೆಲ್, ಹೊನ್ನಾವರದಲ್ಲಿ ಕ್ಯಾಪ್ಟನ್ ಟೊರಿಯಾನೊ. ಮಂಗಳೂರಿಗೆ ಟಿಪ್ಪು ತಾವೇ ಹೋದರು; ಹೊನ್ನಾವರಕ್ಕೆ ಲುತ್ಫ್ ಅಲಿ ಬೇಗ್ ಎಂಬ ಸರದಾರರನ್ನು ಕಳಿಸಿದರು. ಮೇ ತಿಂಗಳಲ್ಲಿ ಮುತ್ತಿಗೆ ಶುರುವಾಯಿತು. ಕೋಟೆಯೊಳಗೆ ಇದ್ದದ್ದು ಕೆಲವೇ ನೂರು ಸಿಪಾಯಿಗಳು, ಅವರಲ್ಲಿ ಯುರೋಪಿಯನ್ನರು ಬಹಳ ಕಡಿಮೆ. ಹೊರಗೆ ಅದರ ಎಷ್ಟೋ ಪಟ್ಟು ದೊಡ್ಡ ಮೈಸೂರು ಸೈನ್ಯ.

ಮೇ ಎಂದರೆ ನಮಗೆ ಗೊತ್ತು. ಕೆಲವೇ ವಾರಗಳಲ್ಲಿ ಮಳೆಗಾಲ. ಈ ತೀರದಲ್ಲಿ ವರ್ಷಕ್ಕೆ 3 ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಚಕಮಕಿ ಕೋವಿಯ ಬಟ್ಟಲಿನ ಮದ್ದಿಗೆ ನಾಲ್ಕು ಹನಿ ಬಿದ್ದರೆ ಆ ಕೋವಿ ಬರೀ ದೊಣ್ಣೆ. ಫಿರಂಗಿಗೂ ಅದೇ ಗತಿ, ರಾಕೆಟ್ಟಿಗೂ ಅದೇ ಗತಿ. ಮಣ್ಣಿನಲ್ಲಿ ತೋಡಿದ ಮೋರ್ಚೆಗಳಲ್ಲಿ ನೀರು ತುಂಬುತ್ತದೆ. ಕೋಟೆಯ ಗೋಡೆಯೋ, ನಮ್ಮ ಮನೆಗಳಿಗೆ ಬಳಸುವ ಇದೇ ಕೆಂಪು ಚಿರೆಕಲ್ಲಿನದು. ಇನ್ನು ಕಡಲು? ಈಗಲೂ ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಯಾಂತ್ರಿಕ ದೋಣಿಗಳು ದಡದಲ್ಲೇ ಇರುತ್ತವೆ. ಹಾಯಿ ಹಡಗಿನ ಆ ಕಾಲದಲ್ಲಿ ಶರಾವತಿಯ ಅಳಿವೆ ದಾಟಿ ಒಳಗೆ ಬರುವ ಧೈರ್ಯ ಯಾವ ನಾಖುದನಿಗೂ ಇರಲಿಲ್ಲ. ಮಳೆ ಒಳಗಿನವರನ್ನು ಶತ್ರುವಿನ ಮದ್ದಿನಿಂದ ಕಾಪಾಡಿತು, ಅದೇ ಮಳೆ ಅವರ ಅಕ್ಕಿಯ ದಾರಿಯನ್ನೂ ಮುಚ್ಚಿತು.

1783ರ ಆಗಸ್ಟ್ 2ರಂದು ಮಂಗಳೂರಿನಲ್ಲಿ ಕದನವಿರಾಮ ಆಯಿತು. ಯುರೋಪಿನಲ್ಲಿ ಇಂಗ್ಲಿಷರೂ ಫ್ರೆಂಚರೂ ರಾಜಿಯಾದ ಸುದ್ದಿ ಬಂದು, ಟಿಪ್ಪುವಿನ ಜೊತೆಗಿದ್ದ ಫ್ರೆಂಚ್ ದಳ ಮುತ್ತಿಗೆಯಿಂದ ಹಿಂದೆ ಸರಿದಿತ್ತು. ಕದನವಿರಾಮದಲ್ಲಿ ಹೊನ್ನಾವರವೂ ಸೇರಿತ್ತು. ಗುಂಡು ನಿಂತಿತು, ಆದರೆ ಮುತ್ತಿಗೆ ನಿಲ್ಲಲಿಲ್ಲ. ಒಳಗೆ ಆಹಾರ ಹೋಗುವ ವಿಷಯದಲ್ಲಿ ಮಾತು ಮುರಿದದ್ದು ನೀವೇ ಎಂದು ಎರಡೂ ಕಡೆಯವರು ಒಬ್ಬರನ್ನೊಬ್ಬರು ದೂರಿದರು. ಕೋಟೆಯೊಳಗೆ ಹಸಿವು, ರೋಗ. ಹೊರಗಿನ ಗುಂಡಿನಿಂದ ಸತ್ತವರಿಗಿಂತ ಇವುಗಳಿಂದ ಕುಸಿದವರೇ ಹೆಚ್ಚು. ಕೆಲವರು ರಾತ್ರಿ ಗೋಡೆ ಇಳಿದು ಓಡಿಹೋದರು. ಟೊರಿಯಾನೊ ಬರೆದಿಟ್ಟ ಆ ದಿನಗಳ ಲೆಕ್ಕವನ್ನು ಜೇಮ್ಸ್ ಫೋರ್ಬ್ಸ್ ಎಂಬ ಇಂಗ್ಲಿಷ್ ಲೇಖಕ ಮುಂದೆ ತನ್ನ ಪುಸ್ತಕದಲ್ಲಿ ಸೇರಿಸಿದ.

1784ರ ಜನವರಿ 30ರಂದು ಮಂಗಳೂರು ಕೋಟೆ ಟಿಪ್ಪುವಿಗೆ ಶರಣಾಯಿತು. ಹೊನ್ನಾವರ ಮಾತ್ರ ಆಗಲೂ ಶರಣಾಗಲಿಲ್ಲ. ಮಾರ್ಚ್ 11ರ ಮಂಗಳೂರು ಒಪ್ಪಂದದಲ್ಲಿ ಹೊನ್ನಾವರ, ಕಾರವಾರ, ಸದಾಶಿವಗಡಗಳನ್ನು ಇಂಗ್ಲಿಷರು ಬಿಟ್ಟುಕೊಡಬೇಕೆಂದು ಆದ ಮೇಲೆಯೇ ಅಳಿದುಳಿದವರು ಹಡಗು ಹತ್ತಿ ಹೋದರು. ಆ ಒಪ್ಪಂದದಲ್ಲಿ ಇಂಗ್ಲಿಷರು ಮೈಸೂರಿನ ಎದುರು ತಲೆ ತಗ್ಗಿಸಿದ್ದು ನಿಜ. ಹೊನ್ನಾವರ ಮೈಸೂರಿಗೆ ಮರಳಿದ್ದು ರಾಕೆಟ್ಟಿನಿಂದಲ್ಲ, ಫಿರಂಗಿಯಿಂದಲೂ ಅಲ್ಲ. ಕಾಗದದ ಮೇಲಿನ ಮಾತಿನಿಂದ.

"ನಾವು" ಎಂದರೆ ಯಾರು?

ಹುಡುಗನ ಪ್ರಶ್ನೆಯಲ್ಲಿ "ನಾವು" ಎಂಬ ಮಾತಿತ್ತು. ಅದನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಹೊನ್ನಾವರದ ಕೋಟೆಯೊಳಗೆ ಇಂಗ್ಲಿಷರ ಪರವಾಗಿ ಹಸಿದು ನಿಂತವರಲ್ಲಿ ಬಹುಪಾಲು ಈ ನಾಡಿನ ಸಿಪಾಯಿಗಳೇ. ಮುಂಬೈ ಸೈನ್ಯದಲ್ಲಿ ಹಿಂದೂಗಳಿದ್ದರು, ಮುಸ್ಲಿಮರಿದ್ದರು, ಕೊಂಕಣದ ಬೆನೆ ಇಸ್ರೇಲ್ ಯಹೂದಿಗಳಿದ್ದರು. ಮೈಸೂರಿನ ಕಡೆಯಲ್ಲೂ ಹಾಗೆಯೇ. ಪೂರ್ಣಯ್ಯನವರು ಟಿಪ್ಪುವಿನ ಅತಿ ನಂಬಿಕೆಯ ಮಂತ್ರಿ. ಬಿದನೂರನ್ನು ಬಿಟ್ಟುಕೊಟ್ಟವನು ಅಯಾಝ್ ಖಾನ್. ಹೆಸರು ನೋಡಿ ಪಕ್ಷ ಹಂಚುವವರಿಗೆ ಈ ಇತಿಹಾಸ ಒದಗುವುದಿಲ್ಲ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಯುದ್ಧ ಮುಗಿದ ಮೇಲೆ, 1784ರಲ್ಲಿ, ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಕರಾವಳಿಯ ಕ್ರೈಸ್ತ ಕುಟುಂಬಗಳನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋಗಲಾಯಿತು. ಹೆಂಗಸರು ಮಕ್ಕಳೂ ಸೇರಿ ಸಾವಿರಾರು ಜನ. ದಾರಿಯಲ್ಲೂ ಸೆರೆಯಲ್ಲೂ ಬಹಳ ಮಂದಿ ಸತ್ತರು. ನಮ್ಮ ನೆರೆಮನೆಯ ಕ್ರೈಸ್ತರು ಇಂದಿಗೂ ಅದನ್ನು ನೆನೆಯುತ್ತಾರೆ. ಮಗು, ಹೆಂಗಸು, ವೃದ್ಧರನ್ನು ಮುಟ್ಟಬಾರದು, ಹಣ್ಣಿನ ಮರ ಕಡಿಯಬಾರದು ಎಂದು ಸೈನ್ಯ ಕಳಿಸುವಾಗ ಹಝ್ರತ್ ಅಬೂಬಕರ್(ರ) ಕೊಟ್ಟ ಆದೇಶವನ್ನು ನಾವು ಮಿಂಬರಿನ ಮೇಲೆ ನಿಂತು ಹೇಳುತ್ತೇವೆ. ಹಾಗೆ ಹೇಳುವ ನಾವು, ತಪ್ಪು ನಾವು ಪ್ರೀತಿಸುವವರಿಂದ ಆದಾಗಲೂ ಅದನ್ನು ತಪ್ಪೆಂದೇ ಹೇಳಬೇಕು. ಸುಲ್ತಾನರ ಧೈರ್ಯಕ್ಕೆ ಇದರಿಂದ ಕುಂದು ಬರುವುದಿಲ್ಲ. ನಮ್ಮ ಮಾತಿನ ಮೇಲಿನ ನಂಬಿಕೆ ಉಳಿಯುತ್ತದೆ.

ಕೊನೆಗೆ ಸೋತದ್ದು ಹೇಗೆ?

ಮುಂದಿನ ಕಥೆ ಎಲ್ಲರಿಗೂ ಗೊತ್ತು. ಇಂಗ್ಲಿಷರು ಮರಾಠರನ್ನೂ ಹೈದರಾಬಾದಿನ ನಿಝಾಮರನ್ನೂ ಜೊತೆ ಸೇರಿಸಿಕೊಂಡರು. 1792ರಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಕೊಡಲು ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆ ಇಡಬೇಕಾಯಿತು. ಅರ್ಧ ರಾಜ್ಯ ಹೋದರೆ ಅರ್ಧ ಕಂದಾಯ ಹೋಯಿತು. ಕಂದಾಯ ಹೋದರೆ ಸಿಪಾಯಿಯ ಸಂಬಳ, ಎತ್ತು, ಮದ್ದು ಎಲ್ಲಿಂದ ಬರಬೇಕು?

1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗೆ ಸುಲ್ತಾನ್‌ಪೇಟೆ ತೋಪಿನಲ್ಲಿ ಆರ್ಥರ್ ವೆಲ್ಲೆಸ್ಲಿಯ ದಳ ರಾಕೆಟ್ ಮತ್ತು ಕೋವಿಗಳ ಮುಂದೆ ಕತ್ತಲೆಯಲ್ಲಿ ದಿಕ್ಕೆಟ್ಟು ಹಿಂದೆ ಓಡಿತು. ಮುಂದೆ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲೆಸ್ಲಿ ಇವನೇ. ಆದರೆ ಮಾರನೇ ದಿನ ಬೆಳಕಿನಲ್ಲಿ ಅವನು ಮತ್ತೆ ಬಂದು ಅದೇ ತೋಪನ್ನು ಹಿಡಿದ. ರಾತ್ರಿ ಸೋತದ್ದು ಯಾಕೆಂದು ಅವನು ಲೆಕ್ಕ ಹಾಕಿದ್ದ. ಮೇ 4ರಂದು ಕೋಟೆ ಬಿತ್ತು, ಸುಲ್ತಾನರು ಕೈಯಲ್ಲಿ ಕತ್ತಿ ಹಿಡಿದೇ ಶಹೀದರಾದರು. ಕೋಟೆಯಲ್ಲಿ ಸಾವಿರಾರು ರಾಕೆಟ್‌ಗಳು ಆಗಲೂ ಉಳಿದಿದ್ದವು.

ಆಮೇಲೆ ಆದದ್ದನ್ನು ಗಮನಿಸಬೇಕು. ಗೆದ್ದವರು ಆ ರಾಕೆಟ್‌ಗಳನ್ನು ಇಂಗ್ಲೆಂಡಿಗೆ ಒಯ್ದರು. ವೂಲ್‌ವಿಚ್‌ನಲ್ಲಿ ವಿಲಿಯಂ ಕಾಂಗ್ರೀವ್ ಎಂಬವನು ರಾಕೆಟ್ ವಿದ್ಯೆಯನ್ನು ಕೈಗೆತ್ತಿಕೊಂಡ. ಮದ್ದಿನ ಪ್ರಮಾಣ ಬದಲಿಸಿ ಬದಲಿಸಿ ಪರೀಕ್ಷೆ ಮಾಡಿದ, ಬರೆದಿಟ್ಟ. 1807ರಲ್ಲಿ ಕೋಪನ್‌ಹೇಗನ್ ನಗರದ ಮೇಲೆ ಬಿದ್ದದ್ದು ಹಾಗೆ ಸುಧಾರಿಸಿದ ರಾಕೆಟ್‌ಗಳು. ಇತ್ತ ನಮ್ಮಲ್ಲಿ? 2018ರಲ್ಲಿ ಅದೇ ನಗರದ, ಅಂದರೆ ಹಳೆಯ ಬಿದನೂರಿನ, ಒಂದು ಪಾಳು ಬಾವಿಯ ಹೂಳೆತ್ತಿದಾಗ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಕೊಳವೆಗಳು ಸಿಕ್ಕವು. ಗೇಣುದ್ದದ, ತುಕ್ಕು ಹಿಡಿದ ಕೊಳವೆಗಳು.  ಅದನ್ನು ಮಾಡಿದ ಕಮ್ಮಾರರು ಯಾರು, ಮದ್ದಿನ ಅಳತೆ ಏನು, ಎಂಬುದು ಅವರ ಮಕ್ಕಳು ಮೊಮ್ಮಕ್ಕಳಿಗೆ ದಾಟಲಿಲ್ಲ.

ಹಾಗಾಗಿ ಆ ಹುಡುಗನಿಗೆ ನಾವು ಕೊಡುವ ಉತ್ತರ ಇದು. ಬೇಟಾ, ಮೋಸವೂ ಇತ್ತು, ಇಲ್ಲ ಎನ್ನುವುದಿಲ್ಲ. ಆದರೆ ಮೋಸ ಒಂದರಿಂದಲೇ ರಾಜ್ಯ ಹೋಗಲಿಲ್ಲ. ಆಯುಧ ಒಂದು ದಿನದ ಯುದ್ಧ ಗೆಲ್ಲಿಸುತ್ತದೆ. ವರ್ಷಗಳ ಯುದ್ಧಕ್ಕೆ ಅಕ್ಕಿ ಬೇಕು, ಒಣಗಿದ ಮದ್ದು ಬೇಕು, ತಿಂಗಳ ಸಂಬಳ ಬೇಕು, ನೆರೆಯವರ ಸ್ನೇಹ ಬೇಕು, ಒಳಗಿನವರ ನಂಬಿಕೆ ಬೇಕು. ಕಲಿತದ್ದನ್ನು ಬರೆದಿಟ್ಟು ಮುಂದಿನವರಿಗೆ ಕೊಡುವ ಶಾಲೆ ಬೇಕು. ಟಿಪ್ಪು ಇವುಗಳಲ್ಲಿ ಕೆಲವನ್ನು ಕಟ್ಟಿದರು, ಕೆಲವನ್ನು ಕಳಕೊಂಡರು, ಕೆಲವಕ್ಕೆ ಅವರಿಗೆ ಸಮಯವೇ ಸಿಗಲಿಲ್ಲ.

ಪೋಷಕರಲ್ಲಿ ನಮ್ಮದೊಂದು ವಿನಂತಿ. ಮಕ್ಕಳು ಇಂಥ ವೀಡಿಯೊ ತೋರಿಸಿದರೆ ಬೈದು ಕಳಿಸಬೇಡಿ, ಸುಮ್ಮನೆ ತಲೆಯಾಡಿಸಲೂ ಬೇಡಿ. ಮಳೆ ನಿಂತ ಮೇಲೆ ಒಂದು ಭಾನುವಾರ ಅವರನ್ನು ಕುಮಟಾದ ಬಳಿಯ ಮಿರ್ಜಾನ್ ಕೋಟೆಗೆ ಕರೆದೊಯ್ಯಿರಿ. ಚಿರೆಕಲ್ಲಿನ ಗೋಡೆಯನ್ನು ಮುಟ್ಟಿ ನೋಡಲಿ. ಹೊನ್ನಾವರದ ದಡದಲ್ಲಿ ನಿಂತು ಕಡಲಲ್ಲಿರುವ ಬಸವರಾಜ ದುರ್ಗವನ್ನು ತೋರಿಸಿ. ಮದ್ದು ಯಾಕೆ ಸಿಡಿಯುತ್ತದೆ, ಕೊಳವೆ ಯಾಕೆ ಮುಂದಕ್ಕೆ ಹೋಗುತ್ತದೆ ಎಂದು ಕೇಳಿದರೆ ಶಾಲೆಯ ವಿಜ್ಞಾನದ ಮೇಷ್ಟ್ರ ಬಳಿ ಕಳಿಸಿ. ಇಬ್ನ್ ಬತೂತ ಇಲ್ಲಿ ಎಣಿಸಿದ್ದು ಕೋಟೆಗಳನ್ನಲ್ಲ, ಮದ್ರಸಗಳನ್ನು. ಅದರಲ್ಲೂ ಹೆಣ್ಣುಮಕ್ಕಳ ಹದಿಮೂರನ್ನು ಬೇರೆಯಾಗಿ ಎಣಿಸಿ ಬರೆದರು ಎಂಬುದನ್ನು ಮನೆಯಲ್ಲಿ ಹೇಳಿ.

ಪ್ರಶ್ನೆ ಕೇಳಿದ ಹುಡುಗ ಮುಂದಿನ ಶುಕ್ರವಾರವೂ ಬಂದಿದ್ದ. ನಗರದ ಬಾವಿಯ ವಿಷಯ ಹೇಳಿದಾಗ ಅವನು ಕೇಳಿದ್ದು ಒಂದೇ: "ಅಲ್ಲಿಗೆ ಬಸ್ಸು ಇದೆಯಾ ಮೌಲಾನಾ?" ಇನ್ಶಾ ಅಲ್ಲಾಹ್, ಹತ್ತು ಹದಿನೈದು ಮಕ್ಕಳಾದರೆ ಜಮಾಅತಿನಿಂದಲೇ ಒಂದು ಗಾಡಿ ಮಾಡಿಸೋಣ ಎಂದಿದ್ದೇವೆ. ಅಲ್ಲಾಹನು ನಮ್ಮ ಮಕ್ಕಳಿಗೆ ಉಪಕಾರಿಯಾದ ವಿದ್ಯೆಯನ್ನೂ, ನಮಗೆ ನ್ಯಾಯವಾಗಿ ಮಾತನಾಡುವ ತೌಫೀಕನ್ನೂ ಕೊಡಲಿ. ಆಮೀನ್.